ಬ್ಯಾರನ್ ಒಲೆಯ ಮೇಲೆ ಎಸರು

ಸಿಲಿಂಡರ್ ರೇಟು ಏರಿತು ಅಂತ ಟೀವಿಯಲ್ಲಿ ಬಂದ ದಿನ ಚೈತ್ರ ಅಡಿಗೆಮನೆಯಲ್ಲಿ ಸೌಟು ಸದ್ದಾಗದ ಹಾಗೆ ಕೆಲಸ ಮಾಡುತ್ತಿದ್ದಳು. ರೇಟು ಏರಿಸಿದವರು ಎಲ್ಲೋ ದೂರದಲ್ಲಿದ್ದರು. ಅವರ ಕೆನ್ನೆ ನಂಜುಂಡೇಶನ ಕೈಗೆ ಎಟುಕುತ್ತಿರಲಿಲ್ಲ. ಎಟುಕುತ್ತಿದ್ದುದು ಹೆಂಡತಿಯ ಕೆನ್ನೆ.

ಹಾರನಹಳ್ಳಿ ಕಡೆಯ ಊರು ಅದು. ನಂಜುಂಡೇಶ ಕುಡಿಯುವವನಲ್ಲ, ಇಸ್ಪೀಟು ಮುಟ್ಟುವವನಲ್ಲ, ಹಣೆಗೆ ವಿಭೂತಿ ಹಚ್ಚದೆ ಕಾಫಿ ಬಾಯಿಗಿಡುವವನಲ್ಲ. ಕಷ್ಟ ಅಂತ ಬಂದ ನೆಂಟರಿಗೆ ಇಲ್ಲ ಅನ್ನದೆ ರಾಗಿ ಅಳೆದುಕೊಡುತ್ತಿದ್ದ. ಇಂಥವನು ಹೆಂಡತಿಗೆ ಹೊಡೆಯುತ್ತಾನೆ ಅಂದರೆ ಊರಿನವರು, ಅವಳದೂ ಏನೋ ತಪ್ಪಿರಬೇಕು ಅನ್ನುತ್ತಿದ್ದರು. ಕುಡುಕ ಹೊಡೆದರೆ ತಪ್ಪು ಕುಡಿತದ ಮೇಲೆ ಹೋಗುತ್ತದೆ. ಕುಡಿಯದವನು ಹೊಡೆದರೆ ಹೆಂಗಸಿನ ಮೇಲೆ ಬರುತ್ತದೆ.

ಅವನಿಗೆ ತಡೆಯಲಾಗದಿದ್ದುದು ಉರಿದುಹೋಗುವ ದುಡ್ಡು. ಸೀರೆಗೆ ಕೊಟ್ಟರೆ ಸೀರೆ ಇರುತ್ತದೆ, ಗೊಬ್ಬರಕ್ಕೆ ಕೊಟ್ಟರೆ ಬೆಳೆ ಬರುತ್ತದೆ. ಗ್ಯಾಸು, ಕರೆಂಟು ಎಲ್ಲಿಗೆ ಹೋದವು ಅಂತ ತೋರಿಸುವುದಕ್ಕೂ ಏನೂ ಉಳಿಯುವುದಿಲ್ಲ. ಬಚ್ಚಲ ದೀಪ ಆರಿಸದೆ ಬಂದರೆ ಬೆನ್ನಿಗೆ ಗುದ್ದು ಬೀಳುತ್ತಿತ್ತು. ಹಾಲು ಉಕ್ಕಿ ಬರ್ನರ್ ಮೇಲೆ ಚೆಲ್ಲಿದರೆ ಜುಟ್ಟು ಅವನ ಕೈಗೆ ಹೋಗುತ್ತಿತ್ತು. ಸಿಲಿಂಡರ್ ಅವನು ಅಂದುಕೊಂಡಿದ್ದಕ್ಕಿಂತ ಮೊದಲೇ ಮುಗಿದರೆ, ಚೈತ್ರ ಮಗಳು ಪುಟ್ಟಿಯನ್ನು ಪಕ್ಕದ ಮನೆಗೆ ಆಡಿಕೊಳ್ಳಲು ಕಳಿಸಿ, ಬಾಗಿಲು ಮುಂದೆ ಮಾಡಿ, ನಿಂತುಕೊಳ್ಳುತ್ತಿದ್ದಳು.

ಅತ್ತೆ ಪುಟ್ಟಮಾದಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಲೇ ಇರುತ್ತಿದ್ದಳು. ಕೆಟ್ಟವಳಲ್ಲ. ಏಟಿನ ವಿಷಯದಲ್ಲಿ ಅವಳಿಗೆ ಗೊತ್ತಿದ್ದುದನ್ನು ಸೊಸೆಗೂ ಹೇಳಿಕೊಟ್ಟಿದ್ದಳು.

"ನೆಟ್ಗೆ ನಿಂತ್ಕಬ್ಯಾಡ ಕಣವ್ವ. ಬಗ್ಗು. ಬಗ್ಗಿದೋಳ್ಗೆ ಒಡ್ಯೋನ್ ಕೈ ಬ್ಯಾಗ ಸೋಲ್ತದೆ. ನಿಮ್ಮಾವ್ನ ಕೈಯ ನಾನು ಅಂಗೇ ಸೋಲಿಸ್ತಿದ್ದೆ."

ಸರ್ಕಾರದವರು ಕರೆಂಟು ಪುಕ್ಕಟೆ ಕೊಟ್ಟ ಮೇಲೆ ಏಟು ಕಡಿಮೆಯಾಗಬೇಕಿತ್ತು. ಆಗಲಿಲ್ಲ. ಇನ್ನೂರು ಯೂನಿಟ್ಟಿನೊಳಗೆ ಇದ್ದರೆ ಸರಿ, ಅದನ್ನು ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ನಂಜುಂಡೇಶ ಬೆಳಿಗ್ಗೆ ಹಲ್ಲುಜ್ಜುತ್ತಾ ಮೀಟರಿನ ಮುಂದೆ ನಿಲ್ಲುವುದಕ್ಕೆ ಶುರುಮಾಡಿದ. ದೇವರ ಮುಂದೆಯೂ ಅಷ್ಟು ಹೊತ್ತು ನಿಲ್ಲುತ್ತಿರಲಿಲ್ಲ. ಹೋದ ಬೇಸಿಗೆಯಲ್ಲಿ ಪುಟ್ಟಿಗೆ ಜ್ವರ ಬಂತು. ಮಗುವಿಗೆ ಹೊತ್ತುಹೊತ್ತಿಗೆ ಬಿಸಿನೀರು ಬೇಕು ಅಂತ ಚೈತ್ರ ಬಕೆಟ್ಟಿಗೆ ಕರೆಂಟು ಕಾಯಿಲ್ ಹಾಕಿದಳು. ಫ್ಯಾನು ಹಗಲೂ ರಾತ್ರಿ ತಿರುಗಿತು. ಆ ತಿಂಗಳು ಮೀಟರ್ ರೀಡರ್ ಬಂದು ಬಿಲ್ಲು ಹರಿದು ಕೊಟ್ಟಾಗ ಇನ್ನೂರು ದಾಟಿತ್ತು.

ನಂಜುಂಡೇಶ ಬಿಲ್ಲು ಓದಿದ. ಮಡಿಚಿ ಜೇಬಿಗಿಟ್ಟ. ಮೀಟರ್ ರೀಡರನಿಗೆ ಮಜ್ಜಿಗೆ ಕೊಡಿಸಿ ಕಳಿಸಿದ. ಆಮೇಲೆ ಒಳಗೆ ಬಂದು ಅಂಗೈ ಅಗಲಿಸಿ ಚೈತ್ರಳ ಎಡಗಿವಿಯ ಮೇಲೆ ಬೀಸಿದ.

ಕಿವಿಯೊಳಗೆ ಒದ್ದೆ ಬಟ್ಟೆ ಪರ್ ಅಂತ ಹರಿದ ಹಾಗಾಯಿತು. ಆಮೇಲೆ ಕೀ ಅನ್ನುವ ಸದ್ದು. ಕತ್ತಿನ ಮೇಲೆ ಬೆಚ್ಚಗೆ ಏನೋ ಇಳಿಯಿತು, ಸೆರಗಿನಿಂದ ಒರೆಸಿಕೊಂಡಳು.

ಹುಣಸೂರಿನಲ್ಲಿ ತಂಗಿ ಶೃತಿಯ ಮನೆಯಿತ್ತು. ತಂಗಿಯನ್ನು ನೋಡಿಕೊಂಡು ಬರುತ್ತೇನೆ ಅಂತ ಹೋಗಿ, ಅವಳ ಜೊತೆ ಕಿವಿ ಡಾಕ್ಟರಿಗೆ ತೋರಿಸಿದಳು. ಡಾಕ್ಟರು ದೀಪ ಹಾಕಿ ಎರಡೂ ಕಿವಿ ನೋಡಿದರು, ಮಿಷನ್ನಿನಲ್ಲಿ ಸದ್ದು ಕೇಳಿಸಿ ಪರೀಕ್ಷೆ ಮಾಡಿದರು.

"ಎಡಗಡೆದು ಹೋಗಿದೆಯಮ್ಮ. ತಮಟೆ ಹರಿದಿದೆ, ಒಳಗಿನ ನರಕ್ಕೂ ಪೆಟ್ಟಾಗಿದೆ. ಆಪರೇಷನ್ ಮಾಡಿದರೂ ಕೇಳುತ್ತೆ ಅಂತ ಹೇಳೋದಕ್ಕೆ ಆಗಲ್ಲ. ಬಲಗಿವಿ ಚಿಕ್ಕಂದಿನಲ್ಲಿ ಸೋರುತ್ತಿತ್ತಾ?"

"ಸೋರ್ತಿತ್ತು ಸಾರ್."

"ಅದರ ತಮಟೆ ಹಳೇ ಕಾಗದದ ಥರ ಇದೆ. ಅಲ್ಲಿಗೂ ಇಂಥದೇ ಏಟು ಬಿದ್ದರೆ ನಿಮಗೆ ಮಗಳ ಮಾತೂ ಕೇಳಿಸಲ್ಲ. ಗೊತ್ತಾಯ್ತಾ?"

ಗೊತ್ತಾಯಿತು. ಅವತ್ತಿನಿಂದ ಚೈತ್ರಳ ಬದುಕೆಲ್ಲ ಬಲಗಿವಿ ಕಾಯುವುದೇ ಆಯಿತು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಕಿವಿ ಹೋಗಿದೆ ಅಂದರೆ ಔಷಧಿ ಖರ್ಚು, ಖರ್ಚು ಅಂದರೆ ಮತ್ತೆ ಏಟು. ಜೊತೆಗೆ ಕಿವುಡಿ ಅನ್ನುವ ಹೆಸರು. ನೆಗಡಿಗೆ ಕಿವಿ ಕಟ್ಟಿದೆ ಅಂದಳು. ನಿಲ್ಲುವಾಗ ಬಲಗಡೆಗೆ ಗೋಡೆ ಇರುವ ಹಾಗೆ ನಿಲ್ಲುತ್ತಿದ್ದಳು. ನಂಜುಂಡೇಶ ಬಲಗೈಯವನು, ಎದುರಿಗೆ ನಿಂತು ಹೊಡೆದರೆ ಏಟು ಸತ್ತ ಕಿವಿಗೇ ಬೀಳುತ್ತಿತ್ತು. ಅಲ್ಲಿಗೆ ಬೀಳಲಿ. ಅವಳ ಕಣ್ಣು ಯಾವಾಗಲೂ ಅವನ ಎಡಗೈಯ ಮೇಲೆ ಇರುತ್ತಿತ್ತು. ಆ ಕೈ ಏಳದಿದ್ದರೆ ಸಾಕು.

ಬಿಲ್ಲು ಬಂದ ಮೇಲೆ ನಂಜುಂಡೇಶ ಇನ್ನೊಂದು ಕೆಲಸ ಮಾಡಿದ. ಬೆಳಿಗ್ಗೆ ಕಾಫಿ, ತಿಂಡಿ ಆದ ತಕ್ಷಣ ಸಿಲಿಂಡರಿನಿಂದ ರೆಗ್ಯುಲೇಟರ್ ಕಿತ್ತು ಜೇಬಿಗೆ ಹಾಕಿಕೊಂಡು ಹೊರಟುಬಿಡುತ್ತಿದ್ದ. ಮಧ್ಯಾಹ್ನದ ಅಡಿಗೆ ಏನು ಮಾಡಿಕೊಳ್ಳುತ್ತೀಯೋ ಮಾಡಿಕೋ. ಒಂದು ಸಲ ಹಾರನಹಳ್ಳಿ ಸರ್ಕಲ್ಲಿನ ಟೀ ಅಂಗಡಿಯಲ್ಲಿ ಚಿಲ್ಲರೆ ತೆಗೆಯಲು ಹೋಗಿ ಅದು ನೆಲಕ್ಕೆ ಬಿತ್ತು. ಬೆಂಚಿನ ಮೇಲೆ ಕೂತಿದ್ದವನೊಬ್ಬ ಎತ್ತಿಕೊಟ್ಟು, "ಏನ್ಲಾ ನಂಜುಂಡ, ಗ್ಯಾಸ ಜೇಬಲ್ಲೇ ಮಡೀಕಂಡಿದ್ದೀಯ. ಬೀಡಿ ಅಚ್ಕತೀನಿ, ಒಸಿ ಬುಡ್ಲಾ," ಅಂದ. ಎಲ್ಲರೂ ನಕ್ಕರು. ನಂಜುಂಡೇಶನೂ ನಕ್ಕ. ಆ ನಗುವಿನ ಬಾಕಿಯನ್ನು ಮನೆಗೆ ಬಂದು ತೀರಿಸಿದ.

ಮಳೆಗಾಲದಲ್ಲಿ ಹೊಗೆಸೊಪ್ಪು ಕೊಯ್ಲಿಗೆ ಬಂತು. ಪಿರಿಯಾಪಟ್ಟಣದ ಕಡೆ ಸೊಪ್ಪು ಬೆಳೆಯುವವರ ಹೊಲದಲ್ಲಿ ಬ್ಯಾರನ್ ಇರುತ್ತದೆ. ಕಿಟಕಿಯಿಲ್ಲದ ಎತ್ತರದ ಕಟ್ಟಡ, ಮೇಲೆ ಗಾಳಿ ಬಿಡುವ ಕಿಂಡಿ, ಕೆಳಗೆ ಹೊರಗಡೆಯಿಂದ ಸೌದೆ ತುರುಕುವ ಒಲೆ. ಕಡ್ಡಿಗೆ ಕಟ್ಟಿದ ಹಸಿ ಸೊಪ್ಪನ್ನು ಒಳಗೆ ತುಂಬಿ, ಒಲೆ ಹೊತ್ತಿಸಿ, ದಿನಗಟ್ಟಲೆ ಆರದ ಹಾಗೆ ಕಾಯಬೇಕು. ಪುಟ್ಟಮಾದಮ್ಮ ಸೊಸೆಗೆ ಹೇಳಿದಳು:

"ಬ್ಯಾರನ್ ಉರಿಯೋ ಕಾಲ್ದಲ್ಲಿ ಗ್ಯಾಸ್ ಯಾಕವ್ವ ಬೇಕು? ಗಡಿಗೆ ತಕ್ಕೊಂಡೋಗಿ ಒಲೆ ಬಾಯಲ್ಲಿ ಮಡಗು. ನಾವೆಲ್ಲ ಅಂಗೇ ಮಾಡ್ತಿದ್ದೊ. ಆದ್ರೆ ಒಂದ್ ಮಾತು. ಒಲೆ ಸೊಪ್ಪಿಂದು, ಕೆಂಡ ಮಾತ್ರ ನಮ್ದು. ಉರಿ ಮುಟ್ಬ್ಯಾಡ."

ಮಾತು ಸರಿಯಾಗಿತ್ತು. ಕೆಂಡದ ಮೇಲೆ ಗಡಿಗೆ ಇಟ್ಟರೆ ಸೊಪ್ಪಿಗೆ ಏನೂ ಆಗುವುದಿಲ್ಲ. ಚೈತ್ರ ದಿನಾ ಮಧ್ಯಾಹ್ನ ಬ್ಯಾರನ್ ಒಲೆಯ ಬಾಯಲ್ಲಿ ಮುದ್ದೆಗೆ ಎಸರಿಟ್ಟಳು, ಸಾರು ಕುದಿಸಿದಳು. ಜೇಬಿನಲ್ಲಿ ರೆಗ್ಯುಲೇಟರ್ ಇದ್ದರೂ ಊಟ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಕೆಲವು ದಿನ ಏಟಿಲ್ಲದೆ ಕಳೆದವು.

ಆ ಬ್ಯಾರನ್ನಿನಲ್ಲಿ ನಂಜುಂಡೇಶನ ಚಿಕ್ಕಪ್ಪನ ಮಗ ಮಲ್ಲೇಶನದೂ ಅರ್ಧ ಪಾಲಿತ್ತು. ಇಬ್ಬರ ಸೊಪ್ಪೂ ಒಟ್ಟಿಗೆ ತುಂಬುತ್ತಿದ್ದರು, ಸರದಿಯ ಮೇಲೆ ಕಾಯುತ್ತಿದ್ದರು. ಆ ಸಲದ ತುಂಬು ಒಳ್ಳೆಯದು. ನಡುಸೊಪ್ಪು, ಅಗಲ ಎಲೆ, ಒಂದೂ ಚುಕ್ಕೆಯಿಲ್ಲ. ಸೊಪ್ಪು ಹಳದಿಗೆ ತಿರುಗುವವರೆಗೆ ಸಣ್ಣ ಬಿಸಿ ಸಾಕು. ಆ ಹೊತ್ತಿನಲ್ಲಿ ಉರಿ ಏರಿತೋ, ಎಲೆ ಹಸಿರಾಗೇ ಸತ್ತುಹೋಗುತ್ತದೆ. ಹಸಿರು ಸೊಪ್ಪನ್ನು ಹರಾಜಿನಲ್ಲಿ ಯಾರೂ ಮುಟ್ಟಿ ನೋಡುವುದಿಲ್ಲ.

ಅವತ್ತು ನಂಜುಂಡೇಶ ಗೊಬ್ಬರ ತರಲು ಪಿರಿಯಾಪಟ್ಟಣಕ್ಕೆ ಹೋಗಿದ್ದ. ಬ್ಯಾರನ್ ಮಲ್ಲೇಶನ ಕೈಯಲ್ಲಿತ್ತು. ಅವನು ಏಣಿ ಹಾಕಿಕೊಂಡು ಮೇಲಿನ ಕಿಂಡಿಯ ತಗಡು ಸರಿಮಾಡುತ್ತಿದ್ದ. ಗಾಳಿ ಜೋರಾಗಿತ್ತು, ತಗಡು ಬಡಿದುಕೊಳ್ಳುತ್ತಿತ್ತು. ಕೆಳಗೆ ಚೈತ್ರ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಏಣಿ ಅವಳ ಎಡಗಡೆಗಿತ್ತು. ಹೊಲದಲ್ಲಿ ಸೊಪ್ಪು ಮುರಿಯುವ ಕೂಲಿ ಹೆಂಗಸರು ಊಟಕ್ಕೆ ಕಾಯುತ್ತಿದ್ದರು. ಕೆಂಡವೆಲ್ಲ ಬೂದಿ ಹಿಡಿದು ಎಸರು ಸುಮ್ಮನೆ ಕೂತಿತ್ತು.

"ಮಲ್ಲೇಶಪ್ಪ, ಎಸರು ಕುದೀತಾನೇ ಇಲ್ಲ. ಎಲ್ಡು ಸೌದೆ ಆಕ್ಲಾ?" ಅಂತ ಕೂಗಿದಳು.

ಮೇಲಿನಿಂದ ಮಲ್ಲೇಶ, "ಆಕ್ಬ್ಯಾಡಿ ಅತ್ಗೆ, ಬಣ್ಣಕ್ಕೆ ಬಂದಿಲ್ಲ," ಅಂದ.

ಆಕ್ಬ್ಯಾಡಿ ಅಂದರೆ ಹಾಕಬೇಡಿ. ಆಕ್ಬುಡಿ ಅಂದರೆ ಹಾಕಿಬಿಡಿ. ಎರಡು ಕಿವಿ ಇರುವವರಿಗೇ ಗಾಳಿಯಲ್ಲಿ ಎರಡೂ ಒಂದೇ ಥರ ಕೇಳಿಸುತ್ತವೆ. ಚೈತ್ರಳಿಗೆ ಆಕ್ಬುಡಿ ಅಂತ ಕೇಳಿಸಿತು. ಉಳಿದದ್ದು ತಗಡಿನ ಸದ್ದಿನಲ್ಲಿ ಹೋಯಿತು. ಅವಳು ಒಣಗಿದ ಸಿಲ್ವರ್ ಮರದ ಸೌದೆ ತುರುಕಿದಳು. ಎಸರು ಕುದಿಯಿತು. ಮುದ್ದೆ ತೊಳಸಿ, ಸಾರು ಬಿಸಿಮಾಡಿ, ಸಂಜೆಯ ಸಾರಿಗೂ ಇರಲಿ ಅಂತ ಇನ್ನೊಂದು ಗಡಿಗೆ ನೀರಿಟ್ಟು, ಮತ್ತೆರಡು ಸೌದೆ ಹಾಕಿ, ಕುಕ್ಕೆ ಹೊತ್ತುಕೊಂಡು ಹೊಲಕ್ಕೆ ಹೋದಳು. ಮಲ್ಲೇಶ ಕಿಂಡಿ ಮುಚ್ಚಿ ಇಳಿದು, ಹಾಕಬೇಡಿ ಅಂದಾಗಿದೆಯಲ್ಲ ಅನ್ನುವ ಧೈರ್ಯದಲ್ಲಿ, ಒಲೆ ನೋಡದೆ ಹಸುವಿಗೆ ನೀರು ಕುಡಿಸಲು ಹೋದ.

ನಂಜುಂಡೇಶ ಬಂದಾಗ ಒಲೆ ಬುಸುಗುಡುತ್ತಿತ್ತು. ಬ್ಯಾರನ್ನಿನ ಥರ್ಮಾಮೀಟರ್ ನೋಡಿದವನು ಗೊಬ್ಬರದ ಮೂಟೆಯನ್ನು ಕಾಲ ಮೇಲೇ ಹಾಕಿಕೊಂಡ. ಬಾಗಿಲು ಒದ್ದು ತೆಗೆದ. ಬೇಯಿಸಿದ ಹುರುಳಿ ಸೊಪ್ಪಿನ ಥರದ ವಾಸನೆ ಮುಖಕ್ಕೆ ಹೊಡೆಯಿತು. ಕೈಗೆ ಸಿಕ್ಕ ಕಡ್ಡಿ ಎಳೆದ. ಎಲೆಗಳು ಹಸಿರಾಗಿ, ಕಡುಹಸಿರಾಗಿ, ಮುರುಟಿಕೊಂಡಿದ್ದವು. ಇನ್ನೊಂದು ಕಡ್ಡಿ ಎಳೆದ. ಅದೂ ಹಸಿರು.

"ಯಾವನ್ಲಾ ಉರಿ ಏರ್ಸಿದೋನು?"

ಕೂಗು ಕೇಳಿ ಮಲ್ಲೇಶ ಓಡಿಬಂದ. ಪುಟ್ಟಮಾದಮ್ಮ ಕೋಲೂರಿಕೊಂಡು ಬಂದಳು. ಖಾಲಿ ಕುಕ್ಕೆ ಹಿಡಿದು ಚೈತ್ರ ಬಂದಳು, ಅವಳ ಹಿಂದೆ ಕೂಲಿಗೆ ಬಂದಿದ್ದ ಚಿಕ್ಕಸಿದ್ದಮ್ಮ ಮತ್ತು ಉಳಿದ ಹೆಂಗಸರು.

ಚೈತ್ರ ಸುಳ್ಳು ಹೇಳಲಿಲ್ಲ. "ಸೌದೆ ಆಕಿದ್ದು ನಾನೇ. ಮಲ್ಲೇಶಪ್ಪ ಆಕ್ಬುಡಿ ಅಂದ್ರು."

"ನಾನೆಲ್ಲಿ ಅಂದೆ ಅತ್ಗೆ?" ಅಂದ ಮಲ್ಲೇಶ. "ಆಕ್ಬ್ಯಾಡಿ ಅಂದೆ. ಬಣ್ಣಕ್ಕೆ ಬಂದಿಲ್ಲ ಅಂತ್ಲೂ ಅಂದೆ."

"ಆಕ್ಬುಡಿ ಅಂತ ಕೇಳಿಸ್ತು."

"ಬುಡಿಯಂತೆ, ಬ್ಯಾಡಿಯಂತೆ!" ನಂಜುಂಡೇಶ ನಕ್ಕ. ಆ ನಗು ಕೇಳಿ ಹೆಂಗಸರು ಎರಡು ಹೆಜ್ಜೆ ಹಿಂದೆ ಸರಿದರು. "ಅತ್ಗೆ ಮೈದ್ನ ಇಬ್ರೂ ಸೇರ್ಕಂಡು ಸರಸ ಆಡ್ತಿದ್ರೇನ್ರೋ, ನನ್ನ ಸೊಪ್ಪು ಬೇಯಿಸ್ಕಂಡು?"

ಮಲ್ಲೇಶ ಅಣ್ಣನಿಗೆ ಎದುರಾಡಿದವನಲ್ಲ. ಆದರೆ ಒಳಗೆ ಅವನ ಸೊಪ್ಪೂ ಸತ್ತಿತ್ತು. "ಬಾಯಿ ಬಿಗಿ ಇಡಿ ಅಣ್ಣ. ಈ ಒಲೆ ತಾವ್ಕೆ ಗಡಿಗೆ ಬಂದಿದ್ದು ಯಾಕೆ? ರೆಗ್ಯುಲೇಟರ ಜೇಬಲ್ಲಿ ಮಡೀಕಂಡು ಊರೂರು ತಿರ್ಗೋನು ನೀನು. ಸೊಪ್ಪು ಬೇಯಿಸ್ದೋನು ನೀನೇ ಕಣ!"

ಒಲೆಯ ಪಕ್ಕದಲ್ಲಿ ಕೆಂಡ ಕೆದಕುವ ಸಲಾಕೆ ಒರಗಿಸಿತ್ತು. ಆಳುದ್ದದ ಕಬ್ಬಿಣ. ನಂಜುಂಡೇಶ ಅದನ್ನು ಎತ್ತಿದ್ದು ಯಾರಿಗೂ ಕಾಣಲಿಲ್ಲ, ಬೀಸಿದ್ದು ಕಂಡಿತು. ಮಲ್ಲೇಶ ತಲೆಗೆ ಅಡ್ಡ ತೋಳು ಕೊಟ್ಟ. ಹಸಿ ಕೊಂಬೆ ಮುರಿದ ಹಾಗೆ ಲಟಕ್ ಅಂದಿತು. ಅವನು ಏಣಿಯ ಬುಡಕ್ಕೆ ಬಿದ್ದು, ಮೊಣಕೈ ಕೆಳಗೆ ಇನ್ನೊಂದು ಕಡೆಗೆ ಬಾಗಿದ್ದ ತೋಳನ್ನೇ ನೋಡಿಕೊಂಡು ಬಾಯಿ ತೆರೆದ. ಸದ್ದು ತಡವಾಗಿ ಬಂತು. ನಂಜುಂಡೇಶ ಮತ್ತೆ ಎತ್ತಿದ. ಈ ಸಲ ಪಕ್ಕೆಗೆ. ಮಲ್ಲೇಶನ ಬಾಯಿಂದ ಊಟ, ರಕ್ತ ಎರಡೂ ಬಂದವು.

"ಬುಡ್ಲಾ! ಸತ್ತೋಯ್ತನೆ ಬುಡ್ಲಾ!" ಪುಟ್ಟಮಾದಮ್ಮ ಕೋಲು ಬಿಸಾಡಿ ಮಗನ ಅಂಗಿ ಹಿಡಿದಳು. ಅವನು ಮೈ ಕೊಡವಿದ, ಮುದುಕಿ ಸೌದೆ ಒಟ್ಟಿಲಿನ ಮೇಲೆ ಬಿದ್ದಳು. ಚೈತ್ರ ಸಲಾಕೆಗೆ ಕೈ ಹಾಕಿದಳು. ಅವನು ಮೊಣಕಾಲಿನಿಂದ ಅವಳ ಹೊಟ್ಟೆಗೆ ಗುದ್ದಿದ. ಅವಳು ಒಲೆಯ ಬಾಯಿಗೆ ಮುಖ ಮಾಡಿ ಬಿದ್ದಳು. ಕುದಿಯುತ್ತಿದ್ದ ಗಡಿಗೆ ಉರುಳಿತು, ಬಿಸಿನೀರು ಮಣ್ಣಿನಲ್ಲಿ ಹರಿಯಿತು.

ನಂಜುಂಡೇಶ ಅವಳ ಹಿಂದಿನಿಂದ, ಎಡಗಡೆಯಿಂದ ಬರುತ್ತಿದ್ದ. ಮಲ್ಲೇಶ ನೆಲದಿಂದಲೇ ಚೀರಿದ: "ಅತ್ಗೇ, ಇಂದ್ಗಡೆ! ಓಡಿ ಅತ್ಗೆ!" ಹೆಂಗಸರೂ ಕೂಗಿದರು.

ಚೈತ್ರಳಿಗೆ ಕೂಗು ಕೇಳಿಸಿತು. ಎಲ್ಲಿಂದ ಅಂತ ತಿಳಿಯಲಿಲ್ಲ. ಒಂದೇ ಕಿವಿಯವರಿಗೆ ಸದ್ದು ಗೊತ್ತಾಗುತ್ತದೆ, ದಿಕ್ಕು ಗೊತ್ತಾಗುವುದಿಲ್ಲ. ಅವಳು ಗಬಕ್ಕನೆ ಬಲಕ್ಕೆ ತಿರುಗಿದಳು. ಅಲ್ಲಿ ಬ್ಯಾರನ್ನಿನ ಗೋಡೆ ಬಿಟ್ಟು ಏನೂ ಇರಲಿಲ್ಲ. ಎಡ ಭುಜದ ಮೇಲೆ ಸಲಾಕೆ ಬಿತ್ತು.

ಸೌದೆಯ ಮೇಲೆ ಬಿದ್ದಿದ್ದ ಪುಟ್ಟಮಾದಮ್ಮ ಇದನ್ನು ನೋಡಿದಳು. ಗಂಡ ಎಡಗಡೆ, ಕೂಗಿದವರು ಎಡಗಡೆ, ಸೊಸೆ ತಿರುಗಿದ್ದು ಬಲಗಡೆಗೆ. ಬೇಸಿಗೆಯಿಂದ ಕರೆದರೆ ಓ ಅನ್ನದ ಸೊಸೆ, ಜಂಬ ಬಂದಿದೆ ಅಂತ ತಾನು ಬೈದುಕೊಂಡಿದ್ದ ಸೊಸೆ.

"ಅಯ್ಯೋ, ಇವ್ಳಿಗೆ ಆ ಕಡೆ ಕೇಳಾಕಿಲ್ಲ ಕಣ್ಲಾ..."

ನಂಜುಂಡೇಶ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಮೊಣಕಾಲೂರಿ ಅವಳ ಸೆರಗಿನ ಮೇಲೆ ಕೂತ, ಅವಳ ಮುಖ ತನ್ನ ಕಡೆ ಎಳೆದುಕೊಂಡ. ಬಲಗೈಯಲ್ಲಿ ಸಲಾಕೆ ಇದ್ದುದರಿಂದ ಮೇಲೆದ್ದಿದ್ದು ಎಡಗೈ.

ಚೈತ್ರ ಆ ಅಂಗೈಯನ್ನು ಕಂಡಳು. "ಆ ಕಡೆ ಬ್ಯಾಡ! ನಿಮ್ ಕಾಲಿಗೆ ಬೀಳ್ತೀನಿ, ಎಡಕ್ಕೆ ಒಡೀರಿ. ಎಷ್ಟಾದ್ರೂ ಒಡೀರಿ, ಬಲಗಿವಿಗೆ ಬ್ಯಾಡ. ಅದೊಂದೇ ಇರೋದು!"

ಕೂಗುತ್ತಿದ್ದ ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಎಲ್ಲಿಗೆ ಹೊಡೆಯಬೇಕು ಅಂತ ಹೆಂಡತಿ ಬೇಡಿಕೊಳ್ಳುವುದನ್ನು ಅವರ್‍ಯಾರೂ ಕೇಳಿರಲಿಲ್ಲ. ಅವರಲ್ಲೂ ಏಟು ತಿನ್ನದವರು ಕಡಿಮೆ.

"ನೀನ್ಯಾವೋಳೇ ನಂಗೆ ಎಡ ಬಲ ಏಳ್ಕೊಡಾಕೆ?" ಅಂದ ನಂಜುಂಡೇಶ. ಕೈ ಹಿಂದಕ್ಕೆ ಹೋಯಿತು.

ಚೈತ್ರಳ ಕೈ ಒಲೆಯ ಬಾಯಲ್ಲಿ ತಡಕಾಡಿತು. ಅರ್ಧ ಉರಿದ ಸೌದೆಯ ತಣ್ಣಗಿನ ತುದಿ ಸಿಕ್ಕಿತು. ಎಳೆದಳು. ಇಳಿದು ಬರುತ್ತಿದ್ದ ಅಂಗೈಗೆ ಉರಿಯುವ ತುದಿಯನ್ನು ಎದುರು ಹಿಡಿದಳು. ಕೈ ತನ್ನ ಬಿರುಸಿಗೆ ತಾನೇ ಬಂದು ಕೆಂಡಕ್ಕೆ ಬಡಿಯಿತು. ಚುಂಯ್ ಅಂದಿತು. ಅವನು ಕಿರುಚಿ ಕೈ ಎಳೆದುಕೊಂಡ, ಆದರೆ ಸಲಾಕೆ ಬಿಡಲಿಲ್ಲ. ಎದ್ದು ನಿಂತು ಅದನ್ನು ತಲೆಯ ಮೇಲೆ ಎತ್ತಿದ. ಚೈತ್ರ ಬಗ್ಗಲಿಲ್ಲ. ಅತ್ತೆ ಹೇಳಿಕೊಟ್ಟಿದ್ದು ಆ ಹೊತ್ತಿನಲ್ಲಿ ಕೆಲಸಕ್ಕೆ ಬರುವಂಥದಲ್ಲ. ನೆಟ್ಟಗೆ ಎದ್ದು, ಎರಡೂ ಕೈಯಲ್ಲಿ ಸೌದೆ ಹಿಡಿದು ಅವನ ಮೊಣಕಾಲಿಗೆ ಬೀಸಿದಳು. ಕಿಡಿ ಹಾರಿದವು. ಅವನು ಕುಸಿದ. ಮತ್ತೆ ಬೀಸಿದಳು, ಮುಂಗೈಗೆ. ಸಲಾಕೆ ಬಿತ್ತು. ಮೂರನೆಯದು ಎಲ್ಲಿಗೆ ಅಂತ ಅವಳೂ ನೋಡಲಿಲ್ಲ.

"ಸಾಕು ಕಣವ್ವ," ಅಂತ ಚಿಕ್ಕಸಿದ್ದಮ್ಮ ಹಿಂದಿನಿಂದ ಅವಳ ಸೊಂಟ ತಬ್ಬಿದಳು. "ಸಾಕು ಬುಡು ತಾಯಿ. ಜೈಲು ನಿಂಗಾಯ್ತದೆ."

ಪುಟ್ಟಮಾದಮ್ಮ ತೆವಳಿಕೊಂಡು ಬಂದು ಸಲಾಕೆ ಎತ್ತಿದಳು. ಮುದುಕಿ ಯಾರಿಗೂ ಹೊಡೆಯಲಿಲ್ಲ. ಅದನ್ನು ಉದ್ದಕ್ಕೂ ಒಲೆಯೊಳಗೆ ತಳ್ಳಿದಳು, ಹಿಡಿಯೂ ಕೆಂಡದಲ್ಲಿ ಮುಳುಗುವ ಹಾಗೆ. ಇನ್ನು ಅದನ್ನು ಯಾರೂ ಮುಟ್ಟುವಂತಿರಲಿಲ್ಲ.

ಒಂದೇ ಗೂಡ್ಸ್ ಆಟೋದಲ್ಲಿ ಎಲ್ಲರನ್ನೂ ಪಿರಿಯಾಪಟ್ಟಣದ ಆಸ್ಪತ್ರೆಗೆ ಒಯ್ದರು. ಗೊಬ್ಬರದ ಖಾಲಿ ಚೀಲದ ಮೇಲೆ ಮಲ್ಲೇಶ ನರಳುತ್ತಾ ಮಲಗಿದ್ದ, ಅವನ ಕಾಲ ಬಳಿ ನಂಜುಂಡೇಶ ಕೈಯನ್ನು ಒದ್ದೆ ಟವೆಲಿನಲ್ಲಿ ಸುತ್ತಿ ಕೂತಿದ್ದ. ಹಿಂಬದಿಯಲ್ಲಿ ಚೈತ್ರ, ಬಲಗಿವಿಯನ್ನು ಅತ್ತೆಯ ಹೆಗಲಿಗೆ ಒತ್ತಿಕೊಂಡು. ಹಳ್ಳದಲ್ಲಿ ಆಟೋ ಕುಲುಕಿದಾಗಲೆಲ್ಲ ಮಲ್ಲೇಶ ಅಣ್ಣನಿಗೆ ಕೆಟ್ಟದಾಗಿ ಬೈಯುತ್ತಿದ್ದ.

ಡಾಕ್ಟರು ಕೇಳಿದಾಗ ನಂಜುಂಡೇಶ ಹೇಳಿದ: "ಬ್ಯಾರನ್ ಒಲೆ ತಾಕ್ತು ಸಾರ್. ಇವ್ನು ಏಣಿಯಿಂದ ಬಿದ್ದ."

"ಸುಳ್ಳು," ಅಂದಳು ಚೈತ್ರ. ಒಂದು ಕಿವಿ ಹೋದ ಮೇಲೆ ಅವಳ ದನಿ ತನಗೇ ತಿಳಿಯದ ಹಾಗೆ ಜೋರಾಗಿತ್ತು. ಸಾಲಿನಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. "ಅವ್ರ ಕೈ ಸುಟ್ಟಿದ್ದು ನಾನು. ಮಲ್ಲೇಶಪ್ಪಂಗೆ ಸಲಾಕೇಲಿ ಒಡೆದಿದ್ದು ಅವ್ರು. ನನ್ ಭುಜಕ್ಕೂ ಅವ್ರೇ. ಎಡಗಿವಿ ಬೇಸ್ಗೇಲೇ ಹೋಯ್ತು, ಅದೂ ಅವ್ರೇ."

ನರ್ಸು ಬ್ಯಾಂಡೇಜು ಕಟ್ಟುವುದಕ್ಕೆ ನಂಜುಂಡೇಶನ ಅಂಗಿ ಬಿಚ್ಚಿದಳು. ಜೇಬು ಖಾಲಿ ಮಾಡುವಾಗ ರೆಗ್ಯುಲೇಟರ್ ಕೈಗೆ ಬಂತು. "ಇದೇನಮ್ಮ, ಗ್ಯಾಸಿಂದಲ್ವ?" ಅಂತ ಚೈತ್ರಳ ಕೈಗೆ ಕೊಟ್ಟಳು. ಚೈತ್ರ ಅದನ್ನು ಅತ್ತೆಯ ಚೀಲಕ್ಕೆ ಹಾಕಿದಳು.

ಡಾಕ್ಟರು ಅವಳ ಹಿಂದೆ ನಿಂತು ಎಡಗಡೆಯಿಂದ ಕೇಳಿದರು: "ಮಗಳ ಹೆಸರೇನಮ್ಮ?" ಅವಳು ಎದುರಿನ ಗೋಡೆಯನ್ನು ನೋಡುತ್ತಾ ಕೂತಿದ್ದಳು. ಬಲಗಡೆಗೆ ಹೋಗಿ ಅದನ್ನೇ ಪಿಸುಗುಟ್ಟಿದರು. "ಪುಟ್ಟಿ ಸಾರ್," ಅಂದಳು ತಟ್ಟನೆ.

ಪಕ್ಕದ ಮಂಚದಿಂದ ನಂಜುಂಡೇಶ ಇದನ್ನು ಕಂಡ. "ನಂಗೊತ್ತಿರ್ಲಿಲ್ಲ," ಅಂದ.

"ಗೊತ್ತಿದ್ರೆ? ಬ್ಯಾರೆ ಕಡೆ ಒಡೀತಿದ್ರಾ?"



ಪೊಲೀಸಿನವರು ಬಂದು, ನಡೆದದ್ದನ್ನು ಕೇಳಿ, ಕಂಡವರು ಯಾರು ಅಂತ ವಿಚಾರಿಸಿದರು. ಚಿಕ್ಕಸಿದ್ದಮ್ಮ ಮುಂದೆ ಬರುವಷ್ಟರಲ್ಲಿ ಪುಟ್ಟಮಾದಮ್ಮ ಬಂದಳು.

"ನಾನು ಕಂಡೆ. ಬರ್‍ಕಳಿ ಸಾಮಿ."

"ಅವ್ವಾ!" ಅಂದ ನಂಜುಂಡೇಶ.

"ಸುಮ್ನಿರ್ಲಾ. ನಿಮ್ಮಪ್ಪನ ಮೇಲೆ ಬರೆಸೋ ಧೈರ್ಯ ನಂಗೆ ಬರ್ನಿಲ್ಲ. ಬಂದಿದ್ರೆ ನೀನು ಇಂಗಾಗ್ತಿರ್ಲಿಲ್ಲ." ಹೆಬ್ಬೆಟ್ಟು ಮುಂದೆ ಚಾಚಿದಳು. ಪೊಲೀಸಿನವರು ಕೈ ಹಿಡಿದು ಒತ್ತಿಸಿಕೊಂಡರು.

ನಂಜುಂಡೇಶ ಎರಡು ತಿಂಗಳು ಜೈಲಿನಲ್ಲಿದ್ದು, ಆಮೇಲೆ ಜಾಮೀನಿನ ಮೇಲೆ ಬಂದ. ಅಷ್ಟರಲ್ಲಿ ಹೊಲದ ಉಳಿದ ಸೊಪ್ಪನ್ನು ಮಲ್ಲೇಶ ಬ್ಯಾಂಡೇಜಿನ ಕೈಯಲ್ಲೇ ನಿಂತು ಹದಮಾಡಿಯಾಗಿತ್ತು. ಚೈತ್ರ ಮುದ್ದೆ, ಸಾರು ಗ್ಯಾಸಿನ ಮೇಲೆ ಮಾಡುತ್ತಿದ್ದಳು, ನೀರು ಮಾತ್ರ ಹಿತ್ತಲ ಒಲೆಯಲ್ಲಿ ಕಾಯಿಸುತ್ತಿದ್ದಳು. ದೀಪ ಬೇಕಾದಲ್ಲಿ ಹಾಕುತ್ತಿದ್ದಳು, ಬೇಡವಾದಲ್ಲಿ ಆರಿಸುತ್ತಿದ್ದಳು. ಸಿಲಿಂಡರ್ ಹಿಂದೆ ಎಷ್ಟು ದಿನ ಬರುತ್ತಿತ್ತೋ ಈಗಲೂ ಅಷ್ಟೇ ಬಂತು. ಮೀಟರು ಇನ್ನೂರರ ಒಳಗೇ ಇತ್ತು. ಅಷ್ಟು ವರ್ಷದ ಏಟಿನಿಂದ ಒಂದು ಹೊತ್ತಿನ ಕಾಫಿಗಾಗುವಷ್ಟು ಗ್ಯಾಸೂ ಉಳಿದಿರಲಿಲ್ಲ.

ಬಾಗಿಲಿಗೆ ಬಂದವನನ್ನು ಪುಟ್ಟಮಾದಮ್ಮ ಹೊಸ್ತಿಲಿನಲ್ಲೇ ತಡೆದಳು. ಮನೆ ಅವಳ ಹೆಸರಿನಲ್ಲಿತ್ತು.

"ಬ್ಯಾರನ್ ತಾವ ಶೆಡ್ ಅದಲ್ಲ, ಅಲ್ಲಿರು. ಊಟ ಕಳಿಸ್ತೀನಿ. ಒಳೀಕೆ ಬರ್‍ಬ್ಯಾಡ."

"ಎಷ್ಟ್ ದಿಸ?"

"ಅದ್ನ ನನ್ನ ಕೇಳ್ಬ್ಯಾಡ. ಅವ್ಳ ಕೇಳು."

ಚೈತ್ರ ಒಳಗಿನಿಂದ ಬಂದು ನಿಂತಳು, ಅವನ ಕಡೆಗೆ ಬಲಗಿವಿ ಮಾಡಿ, ಅವನ ಕೈಗೆ ಎಟುಕದ ದೂರದಲ್ಲಿ. ಪುಟ್ಟಿ ಅವಳ ಸೆರಗು ಹಿಡಿದಿದ್ದಳು. ನಂಜುಂಡೇಶನ ಎಡಗೈಯ ಬೆರಳುಗಳು ಸುಟ್ಟ ತೊಗಲು ಬಿಗಿದು ಒಳಕ್ಕೆ ಮಡಿಚಿಕೊಂಡಿದ್ದವು. ಅವುಗಳನ್ನು ನೋಡಿದಾಗ ಅವಳಿಗೆ ಅಯ್ಯೋ ಅನ್ನಿಸದೆ ಇರಲಿಲ್ಲ. ಆದರೂ ನಿಂತಲ್ಲಿಂದ ಮುಂದೆ ಬರಲಿಲ್ಲ.

"ಏನಂತೀಯ?" ಅಂದ ಅವನು.

"ಕೇಸು ಮುಗೀಲಿ. ಆಮೇಲೆ ನೋಡಾಣ."

ಅವನು ಅವ್ವನ ಮುಖ ನೋಡಿದ, ಮಗಳ ಮುಖ ನೋಡಿದ. ತಿರುಗಿ ಜಗಲಿ ಇಳಿಯುತ್ತಾ, ಪಿಸುದನಿಯಲ್ಲಿ ತನ್ನಷ್ಟಕ್ಕೆ ಅಂದುಕೊಂಡ: "ಕಿವುಡ್ ಮುಂಡೆ."

"ಕೇಳಿಸ್ತು," ಅಂದಳು ಚೈತ್ರ.

ಅವನು ಬೆಚ್ಚಿ ತಿರುಗಿದ. ಅವಳು ಬಾಗಿಲು ಹಾಕಿ ಅಗುಳಿ ಎಳೆದಳು.